ವಸ್ತಾದರೂ ಡ್ರಿಲ್ ಮಾಸ್ತರರೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಶಾರೀರಿಕ ಶಿಕ್ಷಣವೆಂಬುದು ಶಾಲೆಯ ವೇಳಾಪತ್ರಿಕೆಯೊಡನೆಯೇ ಹುಟ್ಟಿತೆಂದು ಭಾವಿಸುವವರು, ಅಲ್ಲಿಯ ಯಾವುದಾದರೊಂದು ಹಳೆಯ ಗರಡಿಮನೆಯ ಕಿರುಬಾಗಿಲಲ್ಲಿ ತಲೆಬಾಗಿ ಒಳಹೊಕ್ಕು, ಹನುಮಂತದೇವರ ಗೂಡಿನ ಮುಂದೆ ಹರವಿದ ಕೆಮ್ಮಣ್ಣನ್ನೂ ಗೋಡೆಗೊರಗಿಸಿದ ಲೋಡುಗಳನ್ನೂ ಒಮ್ಮೆ ನೋಡಬೇಕು. ಈ ಸೀಮೆಯ ಬಹುಭಾಗ ಎರೆಭೂಮಿ. ತೊಯ್ದರೆ ಕಾಲಿಗಂಟುವ, ಒಣಗಿದರೆ ಬಿರಿದು ಹೆಂಟೆಗಟ್ಟುವ ಆ ಮಣ್ಣು ಜೋಳಕ್ಕೂ ಹತ್ತಿಗೂ ಎಷ್ಟು ಹಿತವೋ ಮಲ್ಲನ ಮೈಗೆ ಅಷ್ಟೇ ಅಹಿತವಾದ್ದರಿಂದ, ಕೆಮ್ಮಣ್ಣನ್ನು ಗಾಡಿಯಲ್ಲಿ ಹೇರಿ ತಂದು, ಸಾಣಿಸಿ, ಹರಳು ತೆಗೆದು, ಮಜ್ಜಿಗೆ, ಎಣ್ಣೆ, ಅರಿಸಿನಗಳನ್ನು ಬೆರೆಸಿ ಹದಗೊಳಿಸಬೇಕಾಗುತ್ತಿತ್ತು. ಹಾಗೆ ಹದಗೊಂಡ ಮಣ್ಣನ್ನು ನಿತ್ಯವೂ ಅಗೆದು ಸಡಿಲಿಸುವ ಕೆಲಸ ಹೊಸಬನದು. ನೋಡುವವರಿಗೆ ಚಾಕರಿಯಂತೆ ತೋರುವ ಅದು ವಾಸ್ತವದಲ್ಲಿ ಭುಜಕ್ಕೂ ಬೆನ್ನಿಗೂ ಪ್ರಥಮ ಪಾಠವಾಗಿತ್ತು.

ದಂಡ ಮತ್ತು ಬಸ್ಕಿಗಳು ಪಳಗಿದ ಮೇಲೆ ಲೋಡು, ಅನಂತರ ಸಂಗ್ರಾಣಿ ಕಲ್ಲು. ಕಲ್ಲುಗಳಲ್ಲಿಯೂ ಹಗುರದಿಂದ ಭಾರಕ್ಕೆ ಏರುವ ಕ್ರಮ. ಯಾವ ಹುಡುಗನು ಯಾವ ಕಲ್ಲಿಗೆ ಕೈಹಚ್ಚಬೇಕೆಂಬುದನ್ನು ನಿರ್ಣಯಿಸುವವನು ವಸ್ತಾದ. ಜೋರು ಮಾಡಿಸುವಾಗ ಬಲಿತ ಪೈಲ್ವಾನನು ಎಳೆಯನನ್ನು ಕೆಡವದೆ, ಅವನ ಶಕ್ತಿಗೆ ತಕ್ಕಷ್ಟೇ ಪ್ರತಿರೋಧವನ್ನೊಡ್ಡಿ ಪಟ್ಟು ಕಲಿಸುವ ಪದ್ಧತಿಯನ್ನು ಕಂಡವರು, ಅಧ್ಯಾಪನಕಲೆಯ ಬಹಳಷ್ಟು ಸೂಕ್ಷ್ಮಗಳು ಅಕ್ಷರ ಬಾರದವರ ಕೈಯಲ್ಲಿಯೂ ಬೆಳೆದಿದ್ದುವೆಂಬುದನ್ನು ಒಪ್ಪದಿರಲಾರರು.

ಈ ತಾರತಮ್ಯಜ್ಞಾನ ನಿನ್ನೆ ಮೊನ್ನೆಯದಲ್ಲ. ಸವದತ್ತಿಯು ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದ ಕಾಲದಲ್ಲಿ ಅವರಿಗೆ ಅಧಿರಾಜರಾಗಿದ್ದವರು ಕಲ್ಯಾಣದ ಚಾಲುಕ್ಯರು. ಅವರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣವು ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲಗಳಿಗನುಸಾರವಾಗಿ ವಿಂಗಡಿಸಿ, ಅವರ ವ್ಯಾಯಾಮವನ್ನೂ ಆಹಾರವನ್ನೂ ವಿಧಿಸುತ್ತದೆ. ಭಾರವೆತ್ತುವುದು, ನೀರಿನಲ್ಲಿ ಶ್ರಮಿಸುವುದು, ಕಂಬದ ಮೇಲೆ ಸಾಧನೆ ಮಾಡುವುದು ಇವೆಲ್ಲವೂ ಅಲ್ಲಿ ಉಂಟು.

ಕಿತ್ತೂರ ದೇಸಾಯರ ಕಾಲಕ್ಕೆ ಬಂದರೆ ಗರಡಿಗೆ ವಿನೋದಕ್ಕಿಂತ ಗುರುತರವಾದ ಪ್ರಯೋಜನವಿತ್ತು. ಭೂಮಿಯನ್ನು ಉಂಬಳಿಯಾಗಿ ಪಡೆದು, ಊರಕಾವಲನ್ನೂ ಯುದ್ಧಸೇವೆಯನ್ನೂ ನಿರ್ವಹಿಸುತ್ತಿದ್ದ ಶೇತಸನದಿಗಳಿಗೆ ಮೈಕಸುವೇ ಜೀವನಾಧಾರ. 1824ರ ಅಕ್ಟೋಬರ 23ರಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದವರಲ್ಲಿ ಇಂಥವರೂ ಇದ್ದರು. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನು ಇಂಥವರಲ್ಲೊಬ್ಬನು. ಅವನು ಸಾಮು ಮಾಡಿದ ಗರಡಿಯೆಂದು ಜನ ಇಂದಿಗೂ ಸಂಗೊಳ್ಳಿಯಲ್ಲಿ ತೋರಿಸುತ್ತಾರೆ. ಕಿತ್ತೂರು ಬಿದ್ದ ಮೇಲೆ ಕಂಪನಿಯ ಕಂದಾಯ ವ್ಯವಸ್ಥೆಯು ಆ ಉಂಬಳಿಗಳಿಗೆ ಕೈಹಾಕಿತು. ರಾಯಣ್ಣನ ಬಂಡಾಯಕ್ಕೆ ಅದೂ ಒಂದು ಕಾರಣ. 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. 1878ರ ಶಸ್ತ್ರ ಕಾಯಿದೆಯ ತರುವಾಯ ಕತ್ತಿ ಗುರಾಣಿಗಳು ಮೆರವಣಿಗೆಯ ಅಲಂಕಾರವಾಗಿ ಉಳಿದುವು. ಗರಡಿಯ ಶ್ರಮಕ್ಕೆ ಇದ್ದ ಉಂಬಳಿಯ ಆಧಾರ ತಪ್ಪಿ, ಜಾತ್ರೆಯ ಬಹುಮಾನವೇ ಅದರ ಗುರಿಯಾದದ್ದು ಈ ಕಾರಣಗಳಿಂದಲೇ ಎಂದು ನನ್ನ ಅನಿಸಿಕೆ.

ಆ ದೆಸೆಯಲ್ಲಿ ಅದಕ್ಕೆ ಹೊಸ ಪ್ರೋತ್ಸಾಹ ಬಂದದ್ದು ಕೊಲ್ಲಾಪುರದಿಂದ. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದ ಕೀರ್ತಿ ಈ ಕಡೆಯ ಪೈಲ್ವಾನರನ್ನೂ ಸೆಳೆಯಿತು. ಈಗ ರಾಮದುರ್ಗ ತಾಲೂಕಿಗೆ ಸೇರಿದ ತೊರಗಲ್ಲಂತೂ ಆಗ ಕೊಲ್ಲಾಪುರದ ಅಧೀನದ ಜಹಗೀರಿಯೇ ಆಗಿತ್ತು.

ಇತ್ತ ಮುಂಬಯಿ ಇಲಾಖೆಯ ಶಾಲೆಗಳಿಗೆ ಡ್ರಿಲ್ ಬಂದಿತು. ಅದನ್ನು ಕಲಿಸಲು ನಿವೃತ್ತ ಸಿಪಾಯಿಗಳೂ ಬಂದರು. ಸೀಟಿ, ಸಾಲು, ಎಡ-ಬಲ. ನಾ. ಸು. ಹರ್ಡೀಕರರ ಸೇವಾದಳವು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಅದೇ ಕವಾಯತನ್ನು ಸ್ವರಾಜ್ಯದ ಶಿಸ್ತನ್ನಾಗಿ ಮಾರ್ಪಡಿಸಿ ತೋರಿಸಿತೆಂಬುದು ನಿಜ. 1938ರಲ್ಲಿ ಕಾಂದಿವಲಿಯಲ್ಲಿ ಸರಕಾರವೇ ಶಾರೀರಿಕ ಶಿಕ್ಷಣದ ತರಬೇತಿ ಸಂಸ್ಥೆಯನ್ನು ತೆರೆದುದರಿಂದ, ಡ್ರಿಲ್ ಮಾಸ್ತರರ ಕಸುಬಿಗೆ ಶಾಸ್ತ್ರದ ಬೆಂಬಲವೂ ಒದಗಿತು. ಆದರೆ ಹೊಸ ವ್ಯವಸ್ಥೆಯು ನೂರು ಹುಡುಗರ ಕೈಗಳನ್ನು ಏಕಕಾಲಕ್ಕೆ ಎತ್ತಿಸಿತೇ ಹೊರತು, ಅವರಲ್ಲಿ ಯಾರ ತೋಳು ಸೋತಿದೆ ಎಂಬುದನ್ನು ನೋಡುವ ಕಣ್ಣನ್ನು ಗರಡಿಯಲ್ಲಿಯೇ ಬಿಟ್ಟುಬಂದಿತು.

ಗರಡಿಯ ದೋಷವನ್ನೂ ಮುಚ್ಚಿಡಲಾಗದು. ರಾಣಿಯೊಬ್ಬಳು ಕುದುರೆಯೇರಿ ಕತ್ತಿ ಹಿಡಿದಳೆಂದು ಲಾವಣಿ ಹಾಡುವ ನಾಡಿನಲ್ಲಿಯೇ ಅದು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲಿಲ್ಲ. ಅವರಿಗೆ ಪಂಚಮಿಯ ಜೋಕಾಲಿಯಷ್ಟೇ ಪಾಲಿಗೆ ಬಂದ ವ್ಯಾಯಾಮ. 1969ರಲ್ಲಿ ಕಿತ್ತೂರಿನಲ್ಲಿ ಆ ರಾಣಿ ಚೆನ್ನಮ್ಮನ ಹೆಸರಿನಿಂದ ಬಾಲಕಿಯರ ಸೈನಿಕ ವಸತಿಶಾಲೆಯು ಆರಂಭವಾಗಿ, ಕುದುರೆಸವಾರಿಯೂ ಗುರಿಯಿಡುವ ವಿದ್ಯೆಯೂ ಹುಡುಗಿಯರ ನಿತ್ಯಪಾಠಗಳೊಳಗೆ ಸೇರುವವರೆಗೆ ಆ ಕೊರತೆ ತುಂಬಲಿಲ್ಲ.

ಈ ತಾಲೂಕುಗಳ ಹಳ್ಳಿಯ ಶಾಲೆಗಳಲ್ಲಿ ಉಪಕರಣಗಳಿಲ್ಲವೆಂದು ಕೊರಗುವ ದೈಹಿಕ ಶಿಕ್ಷಕರು ಪಂಚಮಿಯ ದಿನ ಊರಿನ ಅಗಸಿಯ ಬಳಿ ನಿಂತರೆ ಸಾಕು: ಲಿಂಬೆಹಣ್ಣನ್ನು ಇಷ್ಟು ಎಸೆತಗಳಲ್ಲಿ ಇಂಥ ಊರು ಮುಟ್ಟಿಸುವೆನೆಂಬ ಪಣ, ಗೋಣಿಚೀಲ ಹೊತ್ತು ನಡೆಯುವ ಪಣ, ಗುಂಡು ಎತ್ತುವ ಪಣ. ಮರಳು ತುಂಬಿದ ಹಗುರ, ನಡು, ಭಾರದ ಮೂರು ಚೀಲಗಳು, ಎಣ್ಣೆ ಹಚ್ಚಿದ ಒಂದು ನುಣುಪಾದ ಕಂಬ, ಬಾವಿಯ ಹಳೆಯ ಹಗ್ಗ ಇವನ್ನು ಶಾಲೆಯಂಗಳದಲ್ಲಿಟ್ಟು, ಹಾಜರಿಪುಸ್ತಕದ ಪಕ್ಕದಲ್ಲಿ ಯಾವ ಮಗು ಯಾವ ಚೀಲದವರೆಗೆ ಬಂದಿದೆ ಎಂಬುದನ್ನು ತಿಂಗಳಿಗೊಮ್ಮೆ ಬರೆದಿಡಲು ಇಲಾಖೆಯ ಮಂಜೂರಾತಿಯೇನೂ ಬೇಕಾಗಲಾರದು.