ಎಣ್ಣೆ ಕುಡಿಯುವ ಗಾಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಗ್ಯಾರೇಜುಗಳಲ್ಲಿ ಹಳೆಯ ಕಾರುಗಳ ಬಗ್ಗೆ ಒಂದು ಮಾತು ಚಾಲ್ತಿಯಲ್ಲಿದೆ: ‘ಗಾಡಿ ಆಯಿಲ್ ಕುಡ್ಯಾಕತ್ತೈತಿ.’ ಡೀಸೆಲ್ಲನ್ನೋ ಪೆಟ್ರೋಲನ್ನೋ ಕುಡಿಯುವುದು ಗಾಡಿಯ ಧರ್ಮ. ಅದಕ್ಕೆ ಯಾರೂ ಹೆಸರಿಡುವುದಿಲ್ಲ. ಆದರೆ ಇಂಜಿನ್ನಿನ ಕೀಲುಗಳು ಸವೆಯದಿರಲೆಂದು ಹಾಕಿದ ಎಣ್ಣೆಯನ್ನೇ ಅದು ಸುಟ್ಟು ಹೊಗೆ ಮಾಡತೊಡಗಿದರೆ ಅದು ರೋಗ. ಈ ರೋಗಕ್ಕೂ ಅದರ ಮದ್ದಿಗೂ ಒಂದು ಚರಿತ್ರೆ ಇದೆ. ಅದನ್ನು ಕುಲಗೋಡದಂಥ ಊರಿನ ಕಡೆಯಿಂದ ನೋಡಿದರೆ ನಮ್ಮ ದೇಶದ ಕಾರಿನ ಕಥೆ ಬೇರೆಯದೇ ರೀತಿ ಕಾಣುತ್ತದೆ ಎಂದು ನನಗನ್ನಿಸುತ್ತದೆ.

ಕಾರಿನ ಚರಿತ್ರೆ ಎಂದರೆ ಸಾಮಾನ್ಯವಾಗಿ ಯಾವ ವರ್ಷ ಯಾವ ಕಾರು ಬಂತು ಎಂಬ ಪಟ್ಟಿ. ಬಂದ ಕಾರು ಮೂವತ್ತು ವರ್ಷ ಹೇಗೆ ಬಾಳಿತು, ಯಾರು ಬಾಳಿಸಿದರು ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಎಜರ್ಟನ್ ತಮ್ಮ ‘ದಿ ಶಾಕ್ ಆಫ್ ದಿ ಓಲ್ಡ್’ ಪುಸ್ತಕದಲ್ಲಿ ಎತ್ತುವ ತಕರಾರು ಇದೇ. ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರಗಳ ಚರಿತ್ರೆಯಾಗಿ ಮಾತ್ರ ಬರೆಯಬಾರದು, ಬಳಕೆ ಮತ್ತು ರಿಪೇರಿಯ ಚರಿತ್ರೆಯಾಗಿಯೂ ಬರೆಯಬೇಕು ಎನ್ನುವುದು ಅವರ ವಾದ. ನಮ್ಮ ಕಡೆಗೆ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. ಇಲ್ಲಿ ಕಾರನ್ನು ಕೊಂಡವರಿಗಿಂತ ರಿಪೇರಿ ಮಾಡಿಸಿದವರೇ ಹೆಚ್ಚು.

ಗಾಡಿಗೆ ಎಣ್ಣೆ ಹಾಕುವುದು ನಮಗೆ ಕಾರಿನ ಜೊತೆ ಬಂದ ವಿದ್ಯೆಯಲ್ಲ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಯಾವ ರೈತನೂ ಸಂತೆಗೆ ಹೊರಡುತ್ತಿರಲಿಲ್ಲ. ಅದಕ್ಕೆ ಬಳಸುತ್ತಿದ್ದ ಎಣ್ಣೆಗಳಲ್ಲಿ ಔಡಲೆಣ್ಣೆಯೂ ಒಂದು. ಮಂದವಾದ, ಬಿಸಿಗೆ ಬೇಗ ತೆಳುವಾಗದ ಎಣ್ಣೆ ಅದು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಕಟ್ಟಿದ ಕಂಪನಿ ಹೊಸ ಕಾರು-ವಿಮಾನಗಳಿಗೆ ಎಣ್ಣೆ ತಯಾರಿಸುವಾಗ ಅದರಲ್ಲಿ ಬೆರೆಸಿದ್ದೂ ಔಡಲೆಣ್ಣೆಯನ್ನೇ. ಔಡಲಕ್ಕೆ ಇಂಗ್ಲಿಷಿನಲ್ಲಿರುವ ‘ಕ್ಯಾಸ್ಟರ್’ ಎಂಬ ಹೆಸರಿನಿಂದಲೇ ‘ಕ್ಯಾಸ್ಟ್ರಾಲ್’ ಹುಟ್ಟಿತು. ಬಂಡಿಯ ಕೀಲಿಗೂ ಮೋಟಾರಿನ ಡಬ್ಬಿಗೂ ಇರುವ ನಂಟು ನಾವು ಎಣಿಸುವುದಕ್ಕಿಂತ ಹತ್ತಿರದ್ದು.

ಆದರೆ ಬಂಡಿಯ ಎಣ್ಣೆ ಸೋರಿ ನೆಲಕ್ಕೆ ಬೀಳುತ್ತಿತ್ತು, ಇಂಜಿನ್ನಿನ ಎಣ್ಣೆ ಬೆಂಕಿಯ ಪಕ್ಕದಲ್ಲೇ ಇರಬೇಕು. ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಪಿಸ್ಟನ್ನಿನ ಮೇಲೆ ಬೆಂಕಿ, ಕೆಳಗೆ ಎಣ್ಣೆ. ಇವೆರಡರ ನಡುವಿನ ಗಡಿ ಕಾಯುವುದು ಪಿಸ್ಟನ್ನಿಗೆ ತೊಡಿಸಿದ ಲೋಹದ ಬಳೆಗಳು, ಅಂದರೆ ರಿಂಗುಗಳು. ಉಗಿ ಯಂತ್ರದ ಮೊದಲ ದಿನಗಳಲ್ಲಿ ಈ ಕೆಲಸವನ್ನು ಕೊಬ್ಬು ಸವರಿದ ಸೆಣಬಿನ ಹಗ್ಗ ಮಾಡುತ್ತಿತ್ತು. 1852ರಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಒಂದು ಕಡೆ ಸೀಳಿದ ಲೋಹದ ರಿಂಗನ್ನು ರೂಪಿಸಿದ. ಸೀಳು ಇರುವುದರಿಂದ ಅದು ಸ್ಪ್ರಿಂಗಿನಂತೆ ಹಿಗ್ಗಿ ಸಿಲಿಂಡರಿನ ಗೋಡೆಗೆ ಒತ್ತಿ ನಿಲ್ಲುತ್ತದೆ. ಪಿಸ್ಟನ್ ಇಂಜಿನ್ ಇರುವ ಇಂದಿನ ಕಾರುಗಳಲ್ಲಿರುವುದೂ ಆ ರಿಂಗಿನ ಮೊಮ್ಮಕ್ಕಳೇ. ರಿಂಗು ಅಥವಾ ಗೋಡೆ ಸವೆದರೆ ಎಣ್ಣೆ ಮೇಲೇರಿ ಉರಿಯುತ್ತದೆ. ಇನ್ನೊಂದು ದಾರಿ ಮೇಲಿನಿಂದ: ವಾಲ್ವುಗಳು ಓಡಾಡುವ ಗೈಡು ಸವೆದರೆ ಎಣ್ಣೆ ಅಲ್ಲಿಂದ ಕೆಳಗಿಳಿಯುತ್ತದೆ. ಎರಡಕ್ಕೂ ಹೊಗೆ ನೀಲಿ. ಖರ್ಚು ಮಾತ್ರ ಅಜಗಜಾಂತರ.

ಇಂಜಿನ್ ಬಿಚ್ಚುವ ವಿದ್ಯೆ ಈ ಜಿಲ್ಲೆಗೆ ಕಾರಿನಿಂದ ಬಂದದ್ದಲ್ಲ. ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ನಡೆಸುವ ಉದ್ಯಮ ಶುರುವಾದದ್ದು 1880ರ ದಶಕದಲ್ಲಿ. ಅದೇ ದಶಕದಲ್ಲಿ, 1888ರಲ್ಲಿ, ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ, 1910ರಲ್ಲಿ ಕಿರ್ಲೋಸ್ಕರವಾಡಿ. ಅವರ ಮನೆತನದ ಉದ್ಯಮದಿಂದ 1941ರಲ್ಲಿ ಹರಿಹರದಲ್ಲಿ ಲೇತುಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಹುಟ್ಟಿದವು. ವಿದ್ಯುತ್ ತಂತಿ ಬರುವ ಮೊದಲು ಬಾವಿಯ ನೀರೆತ್ತಿದ್ದು, ಹಿಟ್ಟಿನ ಗಿರಣಿ ತಿರುಗಿಸಿದ್ದು ಡೀಸೆಲ್ ಇಂಜಿನ್ನುಗಳು. ಒಂದೇ ಸಿಲಿಂಡರ್, ಕೈಯಿಂದ ತಿರುಗಿಸಿ ಚಾಲೂ ಮಾಡುವ ಹ್ಯಾಂಡಲ್, ತೆರೆದರೆ ಎಲ್ಲವೂ ಕಣ್ಣಿಗೆ ಕಾಣುವ ಯಂತ್ರ. ರಿಂಗ್ ಬದಲಿಸುವುದನ್ನು ನಮ್ಮ ಹಳ್ಳಿಗಳು ಕಲಿತದ್ದು ಇಂಥ ಇಂಜಿನ್ನುಗಳ ಮುಂದೆ ಕುಳಿತು. ಕಾರು ಕೆಟ್ಟು ನಿಂತಾಗ ಮಿಸ್ತ್ರಿ ಸಿದ್ಧನಿದ್ದ. ಅವನ ಪಾಲಿಗೆ ಅದು ನಾಲ್ಕು ಸಿಲಿಂಡರಿನ ಪಂಪ್‌ಸೆಟ್ಟು, ಅಷ್ಟೇ.

ಆ ಕಾರುಗಳೂ ಹೆಚ್ಚಿನ ಬಗೆಯವಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಇಟಲಿಯ ಫಿಯೆಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ, 2000ದ ಸುಮಾರಿಗೆ ನಿಂತಿತು. ಜೊತೆಗೆ ಮಹೀಂದ್ರಾ ಜೀಪು. ಅಂಬಾಸಿಡರಿನ ಹೆಸರಾಂತ ಪೆಟ್ರೋಲ್ ಇಂಜಿನ್ 1489 ಸಿಸಿಯದು. ಸಿಲಿಂಡರಿನ ಅಗಲ 73 ಮಿಲಿಮೀಟರ್, ಪಿಸ್ಟನ್ನಿನ ಓಟ ಸುಮಾರು 89. ಅಗಲಕ್ಕಿಂತ ಓಟ ಉದ್ದವಾದ್ದರಿಂದ ರಿಂಗು ಪ್ರತಿ ಸುತ್ತಿಗೂ ಹೆಚ್ಚು ಗೋಡೆ ಉಜ್ಜುತ್ತದೆ. ಅದರ ಮೇಲೆ ನಮ್ಮ ಎರೆಹೊಲದ ದಾರಿಗಳ ಧೂಳು. ಗಾಳಿಯ ಜಾಲರಿಯಲ್ಲಿ ನುಸುಳಿದ ಧೂಳು ಎಣ್ಣೆಯಲ್ಲಿ ಬೆರೆತು ಸಾಣೆಯ ಹಾಗೆ ಕೆಲಸ ಮಾಡುತ್ತದೆ. ಹೀಗಾಗಿ ಎಣ್ಣೆ ಕುಡಿಯುವುದು ಅಪರೂಪದ ಕಾಯಿಲೆಯಾಗಿರಲಿಲ್ಲ. ವಯಸ್ಸಾದ ಗಾಡಿಗೆ ಬರಲೇಬೇಕಾದ ಮುಪ್ಪಾಗಿತ್ತು.

ಆಗ ಗಾಡಿ ಬದಲಿಸುವ ಹಾಗಿರಲಿಲ್ಲ. ಆಮದಿಗೆ ನಿರ್ಬಂಧ, ಉತ್ಪಾದನೆಗೆ ಲೈಸೆನ್ಸು, ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಇಂಜಿನ್ನಿಗೆ ಒಂದೇ ಜನ್ಮ ಎಂದು ಯಾರೂ ಭಾವಿಸಲಿಲ್ಲ. ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ಅಗಲ ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂಡಿಸಿದರೆ ಅದು ಮತ್ತೆ ಹೊಸದು. ಇದೇ ‘ಬೋರ್ ಮಾಡಿಸುವುದು’. ಅಳತೆ ಅಂಗುಲದ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ಮಿಸ್ತ್ರಿಗಳ ಬಾಯಲ್ಲಿ ‘ಥೌ’. ಮೊದಲ ಸಲ ಇಪ್ಪತ್ತು ಥೌ, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಆಮೇಲೆ ನಲವತ್ತು, ಅರವತ್ತು. ಗೋಡೆ ಇನ್ನು ತಾಳದು ಎಂದಾಗ ಒಳಗೆ ಹೊಸ ಕೊಳವೆ ಇಳಿಸಿ, ಅಂದರೆ ಸ್ಲೀವ್ ಹಾಕಿ, ಲೆಕ್ಕ ಮತ್ತೆ ಮೊದಲಿನಿಂದ. ಈ ಕೆಲಸಕ್ಕೆ ಬೇಕಾದ ಲೇತು, ಬೋರಿಂಗ್ ಯಂತ್ರ, ಎರಕದ ವಿದ್ಯೆ ಎಲ್ಲವೂ ಬೆಳಗಾವಿಯ ಉದ್ಯಮಬಾಗ, ಕೊಲ್ಲಾಪುರದ ಶಿವಾಜಿ ಉದ್ಯಮನಗರದಂಥ ಕಡೆ ಬೆಳೆದಿದ್ದವು. ಆ ಕಾಲದ ಕಾರಿನ ವಯಸ್ಸನ್ನು ನಾನು ವರ್ಷಗಳಲ್ಲಿ ಎಣಿಸುವುದಕ್ಕಿಂತ ಥೌಗಳಲ್ಲಿ ಎಣಿಸುವುದು ಸರಿ ಎನ್ನುತ್ತೇನೆ.

ಬೋರು ದುಬಾರಿ. ಇಂಜಿನ್ ಕೆಳಗಿಳಿಸಬೇಕು, ಬ್ಲಾಕನ್ನು ಪಟ್ಟಣಕ್ಕೆ ಒಯ್ಯಬೇಕು. ಅದಕ್ಕೇ ಒಳ್ಳೆಯ ಮಿಸ್ತ್ರಿ ಪಾನಾ ಹಿಡಿಯುವ ಮೊದಲು ಪ್ರಶ್ನೆ ಕೇಳುತ್ತಿದ್ದ: ‘ಹೊಗಿ ಯಾವಾಗ ಬಿಡತೈತ್ರೀ ಸಾಹೇಬ್ರ? ಮುಂಜಾನೆ ಚಾಲೂ ಮಾಡಿದಾಗೋ, ಏರ ಹತ್ತುವಾಗೋ?’ ಈ ಒಂದು ಪ್ರಶ್ನೆಯಲ್ಲಿ ಇಡೀ ಶಾಸ್ತ್ರ ಇದೆ. ರಾತ್ರಿ ನಿಂತ ಗಾಡಿ ಮುಂಜಾನೆ ಒಮ್ಮೆ ಭುಸ್ ಎಂದು ನೀಲಿ ಹೊಗೆ ಬಿಟ್ಟು ಸುಮ್ಮನಾದರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹೊಗೆ ಬಂದರೆ, ಅನುಮಾನ ವಾಲ್ವ್ ಗೈಡಿನ ಮೇಲೆ. ಹೆಡ್ ಬಿಚ್ಚಿದರೆ ಸಾಕು. ಭಾರ ಹೊತ್ತು ಏರು ಹತ್ತುವಾಗ ಬಿಡದೆ ಹೊಗೆಯಾಡಿದರೆ, ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಒಳಗಿನಿಂದ ಬಸಬಸ ಹೊಗೆ ಬಂದರೆ, ರಿಂಗು ಸೋತಿದೆ. ಇನ್ನೂ ಸಂಶಯವಿದ್ದರೆ ಕಂಪ್ರೆಷನ್ ಗೇಜು: ಒತ್ತಡ ನೋಡಿ, ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡುವುದು. ಒತ್ತಡ ಏರಿದರೆ ರಿಂಗು, ಏರದಿದ್ದರೆ ವಾಲ್ವು. ಎಲ್ಲಕ್ಕಿಂತ ಮೊದಲು ಗಾಡಿಯ ಕೆಳಗೆ ರಾತ್ರಿ ಹಳೆಯ ರಟ್ಟು ಹಾಸಿ, ಎಣ್ಣೆ ಉರಿಯುತ್ತಿದೆಯೋ ಬರೀ ಸೋರುತ್ತಿದೆಯೋ ಎಂದು ತಿಳಿಯುವುದು.

ದುಡ್ಡಿಲ್ಲದವರಿಗೆ ಸಣ್ಣ ಉಪಾಯಗಳಿದ್ದವು. ಅಮೆರಿಕದ ಎಂಜಿನಿಯರುಗಳ ಸಂಘ 1911ರಲ್ಲಿ ಎಣ್ಣೆಯ ಮಂದತ್ವಕ್ಕೆ ನಂಬರು ಕೊಡುವ ಪದ್ಧತಿ ತಂದಿತು. ಮೂವತ್ತರ ಬದಲು ನಲವತ್ತರ ಎಣ್ಣೆ ಹಾಕಿದರೆ ಸವೆದ ಸಂದಿನಲ್ಲಿ ಅದು ಸ್ವಲ್ಪ ತಡೆದು ನಿಲ್ಲುತ್ತದೆ. ಉಳಿದವರು ಡಿಕ್ಕಿಯಲ್ಲಿ ಒಂದು ಲೀಟರಿನ ಡಬ್ಬಿ ಇಟ್ಟುಕೊಂಡು, ಪೆಟ್ರೋಲ್ ತುಂಬಿಸುವಾಗಲೆಲ್ಲ ಡಿಪ್‌ಸ್ಟಿಕ್ ಒರೆಸಿ ನೋಡುತ್ತಿದ್ದರು. ಇದು ಅಸಡ್ಡೆಯಲ್ಲ, ಲೆಕ್ಕಾಚಾರ. ಬೋರಿನ ಖರ್ಚಿನಲ್ಲಿ ಎಷ್ಟು ಡಬ್ಬಿ ಎಣ್ಣೆ ಬರುತ್ತದೆ, ಅಷ್ಟು ಎಣ್ಣೆಯಲ್ಲಿ ಎಷ್ಟು ದೂರ ಹೋಗಬಹುದು ಎಂಬ ಲೆಕ್ಕ. ಇಂದಿನ ಕೆಲವು ಹೊಸ ಕಾರುಗಳ ಕೈಪಿಡಿಗಳೂ ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿನವರೆಗೆ ಎಣ್ಣೆ ಖರ್ಚಾಗುವುದು ಸಹಜ ಎನ್ನುತ್ತವೆ. ಸ್ವಲ್ಪ ಎಣ್ಣೆ ಉರಿಯದ ಇಂಜಿನ್ ಇಲ್ಲ.

ಆದರೆ ಆ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿತ್ತು: ಹೊಗೆ. ಎಣ್ಣೆಯ ದುಡ್ಡು ಮಾಲೀಕನದು, ನೀಲಿ ಹೊಗೆ ಹಿಂದೆ ಸೈಕಲ್ಲಿನಲ್ಲಿ ಬರುವವನದು. 1983ರ ಕೊನೆಗೆ ಮಾರುತಿ 800 ಬಂತು, 1991ರ ನಂತರ ಕಾಯುವ ಪಟ್ಟಿ ಕರಗಿತು, 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಎಣ್ಣೆಯಲ್ಲಿರುವ ರಂಜಕ, ಸತುವುಗಳು ಉರಿದರೆ ಆ ಕನ್ವರ್ಟರ್ ಕೆಡುತ್ತದೆ. ಅಂದರೆ ಡಬ್ಬಿ ಇಟ್ಟುಕೊಂಡು ಓಡಿಸುವ ಕಾಲ ಅಲ್ಲಿಗೇ ಮುಗಿಯತೊಡಗಿತು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು. ನನಗೆ ಆ ಹೊಗೆಯ ಮೇಲೆ ಮೋಹವಿಲ್ಲ. ಹೋದದ್ದು ಒಳ್ಳೆಯದೇ ಆಯಿತು.

ಹೊಗೆಯ ಜೊತೆ ಹೋಗುತ್ತಿರುವ ಇನ್ನೊಂದರ ಬಗ್ಗೆ ಮಾತ್ರ ನನಗೆ ಚಿಂತೆ. ಕುಲಗೋಡ ಎಂದರೆ ಕನ್ನಡಿಗರಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತ, ಅದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಊರೂರಿಗೆ ಮುಟ್ಟಿಸಿದ ಕುಲಗೋಡ ತಮ್ಮಣ್ಣ. ಆ ಆಟ ಬಹುಕಾಲ ಬಾಯಿಂದ ಬಾಯಿಗೆ, ಗುರುವಿನಿಂದ ಶಿಷ್ಯನಿಗೆ ದಾಟಿತು. ನೆರೆಯ ಕೌಜಲಗಿಯ ನಿಂಗಮ್ಮನಂಥ ಕಲಾವಿದೆಯರು ಅದನ್ನು ಬೆಳೆಸಿದರು. ವಿದ್ವಾಂಸರು ಬಂದು ಬರೆದುಕೊಂಡದ್ದರಿಂದ ಅದರ ಪಾಠ ಪುಸ್ತಕಗಳಲ್ಲೂ ಉಳಿಯಿತು. ಮಿಸ್ತ್ರಿಯ ವಿದ್ಯೆಯೂ ದಾಟಿದ್ದು ಹೀಗೆಯೇ, ಕಿವಿಯಿಂದ, ಕೈಯಿಂದ. ಹೊಗೆಯ ಬಣ್ಣ, ಅದು ಬರುವ ಹೊತ್ತು, ಪ್ಲಗ್ಗಿನ ಮೇಲಿನ ಮಸಿ ನೋಡಿ ಒಳಗಿನ ರೋಗ ಹೇಳುವ ಆ ಜ್ಞಾನವನ್ನು ಬರೆದುಕೊಳ್ಳಲು ಯಾವ ವಿದ್ವಾಂಸನೂ ಗ್ಯಾರೇಜಿಗೆ ಹೋದಂತಿಲ್ಲ. ಬೋರು ಮಾಡಿದ ಕೈಗಳು ಇನ್ನೂ ಇವೆ. ಜಾನಪದ, ಇತಿಹಾಸ ಓದುವ ವಿದ್ಯಾರ್ಥಿಗಳು ಒಂದು ನೋಟ್‌ಬುಕ್ಕು ಹಿಡಿದು ಅವರ ಬಳಿ ಕುಳಿತರೆ, ಥೌಗಳಲ್ಲಿ ಬರೆದ ನಮ್ಮ ಶತಮಾನವೊಂದು ಕಾಗದಕ್ಕೆ ಇಳಿದೀತು.