ಯುದ್ಧಭೂಮಿ ಕಾಣದ ಸಿಪಾಯಿಗಳ ಊರು

ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್ನಿನಿಂದ ಈಶಾನ್ಯಕ್ಕೆ ಹೊರಟು ರಿಮುಟಾಕಾ ಬೆಟ್ಟಸಾಲನ್ನು ಹತ್ತಿ ಇಳಿದರೆ ಫೆದರ್‌ಸ್ಟನ್ ಸಿಗುತ್ತದೆ. ಬೆಟ್ಟದ ಹೆಸರನ್ನು ಈಗ ರೆಮುಟಾಕಾ ಎಂದು ತಿದ್ದಿದ್ದಾರೆ. ಹಿಂದೆ ಬೆಟ್ಟ, ಮುಂದೆ ವೈರಾರಾಪಾ ಬಯಲು, ಮಗ್ಗುಲಲ್ಲಿ ಅದೇ ಹೆಸರಿನ ದೊಡ್ಡ ಸರೋವರ. ಗಾಳಿಯ ಸೀಮೆ. 1847ರ ಸುಮಾರಿಗೆ ಹೆನ್ರಿ ಬರ್ಲಿಂಗ್ ಎಂಬಾತ ಇಲ್ಲಿ ದಾರಿಹೋಕರಿಗೆ ತಂಗುಮನೆ ತೆರೆದ. ಆಮೇಲೆ ಜಾಗ ಅಳೆದು ಬೀದಿ ಹಾಕಿದಾಗ ಊರಿಗೆ ವೆಲಿಂಗ್ಟನ್ ಪ್ರಾಂತ್ಯದ ಆಡಳಿತ ನಡೆಸುತ್ತಿದ್ದ ಡಾ. ಐಸಾಕ್ ಫೆದರ್‌ಸ್ಟನ್ ಅವರ ಹೆಸರು ನಿಂತಿತು. 1878ರಲ್ಲಿ ಬೆಟ್ಟ ದಾಟಿ ರೈಲು ಬಂತು. 15 ಅಡಿಗೆ ಒಂದು ಅಡಿ ಏರುವ ಕಡಿದಾದ ದಾರಿ ಅದು. ಎರಡು ಹಳಿಗಳ ನಡುವಿನ ಮೂರನೆಯ ಹಳಿಯನ್ನು ಅವುಚಿ ಹಿಡಿದು ಹತ್ತುವ ಫೆಲ್ ಎಂಜಿನ್‌ಗಳು 1955ರಲ್ಲಿ ಸುರಂಗ ತೆರೆಯುವವರೆಗೂ ಓಡಾಡಿದವು. ಅವುಗಳಲ್ಲಿ ಜಗತ್ತಿನಲ್ಲಿ ಉಳಿದಿರುವ ಒಂದೇ ಒಂದು ಈ ಊರಿನ ಮ್ಯೂಸಿಯಂನಲ್ಲಿದೆ.

ಈ ಊರಿನ ಕತೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಮಾತ್ರ ಮೂರೇ ವರ್ಷ: 1916ರಿಂದ 1918.

ಮೊದಲ ಮಹಾಯುದ್ಧದ ಕಾಲ. 1915ರಲ್ಲಿ ವೆಲಿಂಗ್ಟನ್ ಪಕ್ಕದ ಟ್ರೆಂಥಮ್ ಶಿಬಿರದಲ್ಲಿ ಸಿಪಾಯಿಗಳು ಕಿಕ್ಕಿರಿದು, ದಡಾರವೂ ಮೆದುಳು ಜ್ವರವೂ ಹಬ್ಬಿ ಹುಡುಗರು ಸತ್ತರು. ಇನ್ನೊಂದು ಶಿಬಿರ ಬೇಕೇ ಬೇಕಾಯಿತು. 1916ರ ಜನವರಿಯಲ್ಲಿ ಫೆದರ್‌ಸ್ಟನ್ ಹೊರವಲಯದಲ್ಲಿ ಅದು ತೆರೆಯಿತು. ಮಲಗುವ ಸಾಲುಮನೆ, ಊಟದ ಹಜಾರ, ಅಂಗಡಿ, ಸಿನಿಮಾ, ಆಸ್ಪತ್ರೆ ಎಲ್ಲವೂ ಇದ್ದ ಮರದ ಪಟ್ಟಣ. ಅದರಾಚೆ ಗುಡಾರಗಳ ಸಾಲು. ಪಕ್ಕದ ಊರಿಗಿಂತ ಶಿಬಿರವೇ ಹಲವು ಪಟ್ಟು ದೊಡ್ಡದು. ಆಗ ದೇಶದ ಅತಿ ದೊಡ್ಡ ತರಬೇತಿ ಶಿಬಿರ ಇದೇ. ತರಬೇತಿ ಮುಗಿಸಿದ ಸಾವಿರಾರು ಹುಡುಗರು ಇಲ್ಲಿಂದ ಬೆಟ್ಟ ಹತ್ತಿ ನಡೆದು ಹೋದರು. ನೆತ್ತಿಯಲ್ಲಿ ವೈರಾರಾಪಾದ ಹೆಂಗಸರು ಅವರಿಗೆ ಚಹಾ, ತಿಂಡಿ ಕೊಟ್ಟು ಕಳಿಸುತ್ತಿದ್ದರು.

ಬೆಟ್ಟ ಹತ್ತುವ ಮೊದಲು ಅವರೆಲ್ಲ ದಾಟಬೇಕಿದ್ದ ಇನ್ನೊಂದು ಬಾಗಿಲಿತ್ತು. ಅದು ಹಲ್ಲಿನ ವೈದ್ಯರದು.

ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುವ ಗಾದೆ ಆ ಸೇನೆಗೆ ಅಕ್ಷರಶಃ ಒಪ್ಪುತ್ತಿತ್ತು. ಸಿಪಾಯಿಗೆ ಸಿಗುತ್ತಿದ್ದುದು ಕಲ್ಲಿನಂಥ ಬಿಸ್ಕತ್ತು. ಟರ್ಕಿಯ ಗ್ಯಾಲಿಪೊಲಿ ಯುದ್ಧಭೂಮಿಯಲ್ಲಿ ಅದನ್ನು ಕಡಿದು ಎಷ್ಟೋ ಜನರ ಹಲ್ಲು ಮುರಿಯಿತು, ಕಟ್ಟಿದ ಹಲ್ಲಿನ ಸೆಟ್ಟು ಒಡೆಯಿತು. ಅಗಿಯಲಾರದವನು ಉಣ್ಣಲಾರ, ಉಣ್ಣದವನು ಕಾದಲಾರ. 1914ರಲ್ಲಿ ಫ್ರಾನ್ಸಿಗೆ ಹೋದ ಬ್ರಿಟಿಷ್ ಸೇನೆಯ ಜೊತೆ ಒಬ್ಬ ದಂತವೈದ್ಯನೂ ಇರಲಿಲ್ಲ; ಸೇನಾಪತಿ ಹೇಗ್ ಅವರಿಗೇ ಹಲ್ಲುನೋವು ಬಂದಾಗ ಪ್ಯಾರಿಸ್ಸಿನಿಂದ ಕರೆಸಬೇಕಾಯಿತು. ಬ್ರಿಟಿಷರ ದಂತ ದಳ ಹುಟ್ಟಿದ್ದು 1921ರಲ್ಲಿ. ನ್ಯೂಜಿಲೆಂಡಿನವರು 1915ರಲ್ಲೇ ತಮ್ಮದನ್ನು ಕಟ್ಟಿಕೊಂಡರು. ಅದರ ಮುಂದಾಳು ಥಾಮಸ್ ಹಂಟರ್. ಹಲ್ಲು ಕೆಟ್ಟಿದೆ ಎಂದು ಸೇನೆ ತಿರಸ್ಕರಿಸುತ್ತಿದ್ದ ಹುಡುಗರ ಬಾಯಿಯನ್ನು ಶಿಬಿರದಲ್ಲೇ ಸರಿಪಡಿಸಿ ಹಡಗು ಹತ್ತಿಸುವುದು ಈ ದಳದ ಕೆಲಸ.

ಆ ಕೆಲಸವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹುಳುಕು ಕೊರೆಯಲು ಕಾಲಲ್ಲಿ ತುಳಿಯುವ ಯಂತ್ರ. ಒಬ್ಬ ಎದ್ದರೆ ಇನ್ನೊಬ್ಬ ಕುರ್ಚಿಗೆ. ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುವ ಮೆಕ್ಯಾನಿಕ್: ಮೇಣದಲ್ಲಿ ಕಚ್ಚಿಸಿದ ಅಚ್ಚು, ಪ್ಲಾಸ್ಟರ್ ಎರಕ, ಅದರೊಳಗೆ ತುಂಬಿದ ರಬ್ಬರನ್ನು ಹಬೆಯ ಒತ್ತಡದಲ್ಲಿ ಬೇಯಿಸಿ ಗಟ್ಟಿ ಮಾಡಿದ ವಸಡು, ಅದಕ್ಕೆ ಕೂಡಿಸಿದ ಪಿಂಗಾಣಿ ಹಲ್ಲು. ಕೊನೆಗೆ ಗಂಟೆಗಟ್ಟಲೆ ಉಜ್ಜಿ ನಯ ಮಾಡಬೇಕು. ಈ ಕೆಲಸಕ್ಕೆ ಪದಕ ಸಿಗುವುದಿಲ್ಲ. ಆದರೆ ಅವನು ಕಟ್ಟಿದ ಹಲ್ಲಿನಲ್ಲೇ ಯಾರೋ ಒಬ್ಬ ಕಂದಕದಲ್ಲಿ ಕೂತು ರೊಟ್ಟಿ ಕಡಿಯುತ್ತಿದ್ದ.

1918ರ ನವೆಂಬರ್‌ನಲ್ಲಿ ಇನ್‌ಫ್ಲುಯೆಂಜಾ ಶಿಬಿರಕ್ಕೆ ಬಂತು. ಅದೇ ಹೊತ್ತಿಗೆ ಬಿರುಗಾಳಿ, ಮಳೆ. ಗುಡಾರಗಳು ಕಿತ್ತುಹೋದವು, ತೊಯ್ದ ಹುಡುಗರನ್ನೆಲ್ಲ ಕಟ್ಟಡಗಳೊಳಗೆ ತುಂಬಬೇಕಾಯಿತು. ಜ್ವರಕ್ಕೆ ಇದಕ್ಕಿಂತ ಅನುಕೂಲ ಬೇಕೆ? ಸಾವಿರಾರು ಜನ ಹಾಸಿಗೆ ಹಿಡಿದರು. ಆರೈಕೆಗೆ ನಿಂತ ನರ್ಸ್ ಕೂಡ ಸತ್ತರು. ಯುದ್ಧ ನಿಂತ ಸುದ್ದಿ ನ್ಯೂಜಿಲೆಂಡಿಗೆ ಮುಟ್ಟಿದ್ದು ನವೆಂಬರ್ 12ರ ಬೆಳಿಗ್ಗೆ. ದೇಶವೆಲ್ಲ ಗಂಟೆ ಬಾರಿಸುವಾಗ ಈ ಶಿಬಿರದಲ್ಲಿ ಹೆಣ ಹೊರುತ್ತಿದ್ದರು. ನೂರೈವತ್ತಕ್ಕೂ ಹೆಚ್ಚು ಮಂದಿ ಹೋದರು. ಇಡೀ ದೇಶದಲ್ಲಿ ಸುಮಾರು 9,000. ಮೂಲನಿವಾಸಿ ಮಾವೊರಿಗಳಲ್ಲಂತೂ ಸಾವಿನ ಪ್ರಮಾಣ ಉಳಿದವರಿಗಿಂತ ಹಲವು ಪಟ್ಟು. ಅದೇ ವರ್ಷ ಇದೇ ಜ್ವರ ನಮ್ಮ ಮೈಸೂರು ಸೀಮೆಯಲ್ಲೂ ಮನೆಗಳನ್ನು ಬರಿದು ಮಾಡಿತ್ತು.

ಉಸಿರಿನಿಂದ ಹರಡುವ ರೋಗಕ್ಕೆ ದಂತವೈದ್ಯನಷ್ಟು ಹತ್ತಿರ ಕೂರುವವರು ಕಡಿಮೆ. ದಿನವಿಡೀ ಅವನ ಮುಖ ಇನ್ನೊಬ್ಬನ ತೆರೆದ ಬಾಯಿಯ ಮುಂದೆ. ಶಿಬಿರದಲ್ಲಿ ಜ್ವರದಿಂದ ಸತ್ತವನದು ‘ನಿಜವಾದ’ ಯುದ್ಧದ ಸಾವಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾಮನ್‌ವೆಲ್ತ್ ದೇಶಗಳ ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಆಯೋಗವೂ ಒಪ್ಪಲಿಲ್ಲ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ನಡುವೆ ಸೇವೆಯಲ್ಲಿದ್ದು ಸತ್ತವನು ಗುಂಡಿಗೆ ಬಲಿಯಾದನೋ ಜ್ವರಕ್ಕೋ ಎಂದು ಅದು ಕೇಳುವುದಿಲ್ಲ. ಕೋವಿ ಹಿಡಿದವನಿಗೂ ಹಲ್ಲು ಕಟ್ಟಿದವನಿಗೂ ಒಂದೇ ಗೌರವ.

ಯುದ್ಧ ಮುಗಿದ ಮೇಲೆ ಶಿಬಿರದ ಕಟ್ಟಡಗಳು ಮಾರಾಟವಾದವು. 1942ರಲ್ಲಿ ಅದೇ ಜಾಗಕ್ಕೆ ಜಪಾನಿ ಸೆರೆಯಾಳುಗಳು ಬಂದರು; ಮರುವರ್ಷದ ಫೆಬ್ರವರಿ 25ರಂದು ಅಲ್ಲಿ ಹಾರಿದ ಗುಂಡಿಗೆ 48 ಸೆರೆಯಾಳುಗಳೂ ಒಬ್ಬ ಕಾವಲುಗಾರನೂ ಸತ್ತರು. ಅದು ಬೇರೆಯೇ ಬರೆಯಬೇಕಾದ ಕತೆ. ಇತ್ತ ದಂತ ದಳದ ಹಂಟರ್ ಯುದ್ಧಕಾಲದ ಶಿಬಿರದ ಅನುಭವವನ್ನು ಮಕ್ಕಳ ಕಡೆ ತಿರುಗಿಸಿದರು: 1921ರಲ್ಲಿ ವೆಲಿಂಗ್ಟನ್ನಿನಲ್ಲಿ ಯುವತಿಯರಿಗೆ ಶಾಲಾ ದಂತ ದಾದಿಯರ ತರಬೇತಿ ಶುರುವಾಯಿತು.

ಫೆದರ್‌ಸ್ಟನ್ನಿಗೆ ಹೋಗುವವರು ಫೆಲ್ ಎಂಜಿನ್ ನೋಡಿಯೇ ಹಿಂದಿರುಗಬೇಡಿ. ಊರಿನ ಸ್ಮಶಾನದ ಸಿಪಾಯಿಗಳ ಭಾಗಕ್ಕೂ ಹೋಗಿ, ಕಲ್ಲುಗಳ ಮೇಲಿನ ತಾರೀಕು ಓದಿ. ಹೆಚ್ಚಿನವು 1918ರ ನವೆಂಬರ್‌ನವು.