ಹೊಗೆಯ ಕಾವಲು

2016ರ ನವೆಂಬರ್ ತಿಂಗಳ ಕೊನೆ. ಶಿಕಾಗೋ ನಗರದ ಹೊರವಲಯದಲ್ಲಿ ಮಗನ ಮನೆ. ಬೆಳಗಿನ ಐದು ಗಂಟೆಗೆ ಎರಡು ಸ್ವೆಟರಿನ ಮೇಲೆ ಅವನ ದಪ್ಪ ಕೋಟು ಹಾಕಿಕೊಂಡು, ತಲೆಗೆ ಶಾಲು ಸುತ್ತಿ ನಾನು ಹಿತ್ತಲಲ್ಲಿ ನಿಂತಿದ್ದೆ. ಮಿಷಿಗನ್ ಸರೋವರದ ಕಡೆಯಿಂದ ಬೀಸುವ ಗಾಳಿ ಮೂಳೆಯವರೆಗೂ ಇಳಿಯುತ್ತಿತ್ತು. ಎದುರಿಗೆ ಮೂರು ಕಾಲಿನ ಮೇಲೆ ಕುಳಿತ ಕಪ್ಪು ಲೋಹದ ಗುಂಡು ಒಲೆ. ಅದರೊಳಗೆ ಹಂದಿಯ ಮುಂಗಾಲಿನ ಮೇಲ್ಭಾಗ, ಅಂದರೆ ಭುಜದ ಮಾಂಸ. ಮೂಳೆ ಸಮೇತ ನಾಲ್ಕು ಕಿಲೋ. ಮಗ ರಾತ್ರಿ ಎರಡು ಗಂಟೆಗೇ ಕೆಂಡ ಮಾಡಿ, ಹಿಕರಿ ಮರದ ತುಂಡುಗಳನ್ನಿಟ್ಟು ಹೊಗೆ ಹಾಕಿದ್ದ.

"ಅವ್ವ, ಒಳಗೆ ಹೋಗಿ ಮಲಗು. ಇದು ಸಂಜೆಯವರೆಗೂ ಬೇಯುತ್ತೆ" ಎಂದ. ನಾನು ಹೋಗಲಿಲ್ಲ.

ಮಾಂಸ ತಿನ್ನದ ಗೆಳತಿಯರು ಇಲ್ಲಿಗೇ ಪುಟ ಮಗುಚಬೇಡಿ. ಇದು ಅಡುಗೆಯ ಬರಹವಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಹೇಳಿದವಳು ನಾನು. ಯಾವ ವಸ್ತು ಕಂಡರೂ ಅದರ ಹಿಂದೆ ಏನಿದೆ ಎಂದು ಕೆದಕುವ ಚಾಳಿ ಬಿಟ್ಟಿಲ್ಲ. ಆ ಗುಂಡು ಒಲೆಯನ್ನೇ ನೋಡಿ. 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬಾತ ಇದನ್ನು ಮಾಡಿದ್ದು ಇದೇ ಶಿಕಾಗೋ ಪ್ರಾಂತ್ಯದಲ್ಲಿ. ಅವನು ಕೆಲಸ ಮಾಡುತ್ತಿದ್ದ ವೆಬರ್ ಲೋಹದ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡುವ ದೊಡ್ಡ ಬುರುಡೆಗಳನ್ನು ತಯಾರಿಸುತ್ತಿದ್ದರು. ಗಾಳಿಗೆ ತನ್ನ ಹಿತ್ತಲಿನ ತೆರೆದ ಒಲೆ ಹದಕ್ಕೆ ಬಾರದೆ ಬೇಸತ್ತ ಆತ ಅಂಥ ಒಂದು ಬುರುಡೆಯನ್ನೇ ಎರಡು ಹೋಳು ಮಾಡಿಸಿ, ಕೆಳಗಿನದನ್ನು ಒಲೆ, ಮೇಲಿನದನ್ನು ಮುಚ್ಚಳ ಮಾಡಿಕೊಂಡ. ಗಾಳಿಯ ಕಾಟದಿಂದ ಹುಟ್ಟಿದ ಒಲೆ ಇದು.

ಆದರೂ ಗಾಳಿ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಕೆಳಗಿನ ಕಿಂಡಿಯಿಂದ ನುಗ್ಗಿದರೆ ಕೆಂಡ ಧಗ್ಗೆಂದು ಉರಿದು ಮಾಂಸ ಸೀಯುತ್ತದೆ; ಲೋಹದ ಮೈಗೆ ಬಡಿದರೆ ಶಾಖವನ್ನೆಲ್ಲ ಹೊತ್ತೊಯ್ಯುತ್ತದೆ. ಒಳಗಿನ ಶಾಖ 110 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲೇ ನಿಲ್ಲಬೇಕು. ಗಾಳಿ ಬರುವ ಕಡೆಗೆ ಮಗ ಒಂದು ಹಳೆಯ ಪ್ಲೈವುಡ್ ಹಲಗೆ ನಿಲ್ಲಿಸಿದ್ದ. ಮುಚ್ಚಳ ತೆಗೆದು ನೋಡಲು ನಾನು ಕೈ ಚಾಚಿದಾಗಲೆಲ್ಲ ಗದರುತ್ತಿದ್ದ.

ಒಂಬತ್ತು ಗಂಟೆಯ ಹೊತ್ತಿಗೆ ಒಂದು ವಿಚಿತ್ರ. ಮಾಂಸದೊಳಗೆ ಚುಚ್ಚಿದ ಉಷ್ಣಮಾಪಕದ ಮುಳ್ಳು 68 ಡಿಗ್ರಿಗೆ ಬಂದು ಅಲ್ಲಿಯೇ ನಿಂತಿತು. ಮಾಂಸದ ನೀರು ಮೇಲ್ಮೈಗೆ ಬಂದು ಆರುವಾಗ ತಂಪಾಗಿಸುತ್ತದಂತೆ, ನಮಗೆ ಬೆವರು ಆರಿದಾಗ ತಂಪಾಗುವ ಹಾಗೆ. ಕೆಂಡ ಕೊಟ್ಟಷ್ಟು ಶಾಖವನ್ನೂ ಈ ಆರುವಿಕೆ ನುಂಗಿಹಾಕುತ್ತದೆ. ಗಂಟೆಗಟ್ಟಲೆ ಹೀಗೇ ಇರಬಹುದು. ಆಮೇಲೆ ಮುಳ್ಳು ಮತ್ತೆ ಮೇಲೇರಿ 90 ದಾಟಿದಾಗ ಗಟ್ಟಿ ನಾರೆಲ್ಲ ಕರಗಿ, ಬೆರಳಿಗೇ ಬಿಡಿಸಿಕೊಳ್ಳುವಷ್ಟು ಮೆದುವಾಗುತ್ತದೆ. ಅಲ್ಲಿಯವರೆಗೆ ಯಾರಾದರೂ ಕಾಯುತ್ತಲೇ ಇರಬೇಕು.

ಹೊಗೆಯ ಬಳಿ ಕಾಯುವುದು ನನಗೆ ಹೊಸದೇನಲ್ಲ. ನಾನು ಹುಟ್ಟಿದ್ದು ಕೊಡಗಿನಲ್ಲಿ. ಕಕ್ಕಡ ತಿಂಗಳ ಮಳೆ ಹಿಡಿದರೆ ಹೊರಗೆ ಕಾಲಿಡುವ ಹಾಗಿಲ್ಲ. ಮಾಂಸ ಒಣಗಿಸಲು ಬಿಸಿಲೆಲ್ಲಿ? ಉಪ್ಪು, ಅರಿಶಿನ ಸವರಿದ ಹಂದಿಮಾಂಸದ ತುಂಡುಗಳು ಅಡುಗೆಮನೆಯ ಒಲೆಯ ಮೇಲೆ ತೂಗಾಡುತ್ತಿದ್ದವು. ವಾರಗಟ್ಟಲೆ ಹೊಗೆ ಕುಡಿದು ಕಪ್ಪಾಗಿ, ಕಟ್ಟಿಗೆಯಂತಾಗುತ್ತಿದ್ದವು. ನಮ್ಮ ಬಟ್ಟೆ, ಕೂದಲು, ಪುಸ್ತಕ ಎಲ್ಲಕ್ಕೂ ಅದೇ ವಾಸನೆ.

1971ರಲ್ಲಿ ನಾನು ಮೈಸೂರಿನ ಒಂದು ಹಾಸ್ಟೆಲ್ ಸೇರಿದೆ. ಕೋಣೆಯ ಹುಡುಗಿಯರು ನನ್ನ ಪೆಟ್ಟಿಗೆ ತೆರೆದಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ದಸರೆ ಕಳೆದ ಮೇಲೆ ಅವ್ವ ಬಾಳೆಎಲೆಯಲ್ಲಿ ಕಟ್ಟಿ, ಮೇಲೆ ವೃತ್ತಪತ್ರಿಕೆ ಸುತ್ತಿ ಒಣಮಾಂಸದ ಹುರಿದ ಚೂರುಗಳನ್ನು ಯಾರ ಕೈಯಲ್ಲೋ ಕಳಿಸಿದ್ದಳು. ಕತ್ತಲಾದ ಮೇಲೆ ಅದನ್ನು ಗಂಟು ಬಿಚ್ಚದೆ ಕಾಂಪೌಂಡಿನಾಚೆ ಎಸೆದೆ. ಚೆನ್ನಾಗಿತ್ತೆಂದು ಕಾಗದವನ್ನೂ ಬರೆದೆ. ಅವ್ವ ತೀರಿಕೊಂಡದ್ದು 1994ರಲ್ಲಿ. ಹೇಳಲು ಇಪ್ಪತ್ಮೂರು ವರ್ಷ ಇತ್ತು, ಹೇಳಲಿಲ್ಲ.

ಇರಲಿ. ಅಮೆರಿಕದ ಹೊಗೆಯ ಕತೆಗೆ ಬರುತ್ತೇನೆ. ಹಂದಿ ಅಲ್ಲಿಯ ಪ್ರಾಣಿಯಲ್ಲ. ಕೊಲಂಬಸ್ 1493ರ ಎರಡನೆಯ ಯಾನದಲ್ಲಿ ಕೆರಿಬಿಯನ್ ದ್ವೀಪಗಳಿಗೆ ತಂದ, ಡಿ ಸೋಟೋ 1539ರಲ್ಲಿ ಫ್ಲಾರಿಡಾದ ನೆಲಕ್ಕೆ ಇಳಿಸಿದ. ದಕ್ಷಿಣದ ರಾಜ್ಯಗಳಲ್ಲಿ ಅದು ಬಡವ ಬಲ್ಲಿದರೆಲ್ಲರ ಮಾಂಸವಾಯಿತು. ಐಸ್ ಪೆಟ್ಟಿಗೆಯಿಲ್ಲದ ಕಾಲ. ಹಾಗಾಗಿ ಹಂದಿ ಕಡಿಯಲು ಚಳಿ ಬೀಳುವುದನ್ನೇ ಕಾಯುತ್ತಿದ್ದರು. ನವೆಂಬರ್, ಡಿಸೆಂಬರಿನಲ್ಲಿ ಒಳ್ಳೆಯ ಚಳಿ ಬಿದ್ದ ದಿನ ನೆರೆಹೊರೆಯೆಲ್ಲ ಸೇರುತ್ತಿತ್ತು. ಕಡಿಯುವುದು ಗಂಡಸರ ಕೆಲಸ, ಅದು ಒಂದು ಬೆಳಗಿಗೆ ಮುಗಿಯಿತು. ಉಳಿದದ್ದು ಹೆಂಗಸರಿಗೆ: ಕರುಳು ತೊಳೆಯುವುದು, ಕೊಬ್ಬು ಕಾಸಿ ಸೋಸಿ ಡಬ್ಬ ತುಂಬುವುದು, ಕೊಚ್ಚಿದ ಮಾಂಸವನ್ನು ಕರುಳಿನ ಚೀಲಕ್ಕೆ ತುಂಬುವುದು, ಕೊನೆಗೆ ಉಳಿದ ಜಿಡ್ಡಿನಲ್ಲಿ ಸೋಪು ಮಾಡುವುದು. ತೊಡೆ, ಭುಜಗಳನ್ನು ಉಪ್ಪಿನಲ್ಲಿ ಹೂತಿಟ್ಟು, ಆಮೇಲೆ ಕಿಟಕಿಯಿಲ್ಲದ ಹೊಗೆಮನೆಯಲ್ಲಿ ತೂಗುಹಾಕಿ ಸಣ್ಣ ಹೊಗೆ ಕೊಡುತ್ತಿದ್ದರು. ನಮ್ಮಲ್ಲಿ ಮಳೆಗಾಗಿ ಮಾಡಿದ್ದನ್ನು ಅವರು ಚಳಿಯ ಸಹಾಯದಿಂದ ಮಾಡಿದರು, ಅಷ್ಟೇ ವ್ಯತ್ಯಾಸ.

ಮಗ ಮಾಡುತ್ತಿದ್ದದ್ದು ಇದಲ್ಲ, ಹೊಗೆಯಲ್ಲೇ ಬೇಯಿಸುವ ಬಾರ್ಬೆಕ್ಯೂ. ಜಾರ್ಜ್ ವಾಷಿಂಗ್ಟನ್ 1769ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಬಾರ್ಬೆಕ್ಯೂಗೆ ಹೋಗಿದ್ದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. 1824ರಲ್ಲಿ ಬಂದ ಮೇರಿ ರಾಂಡಾಲ್ಫ್ ಎಂಬಾಕೆಯ 'ದಿ ವರ್ಜೀನಿಯಾ ಹೌಸ್‌ವೈಫ್' ಅಡುಗೆ ಪುಸ್ತಕದಲ್ಲಿ ಎಳೆಹಂದಿಯ ಬಾರ್ಬೆಕ್ಯೂ ವಿಧಾನವಿದೆ. ದಿನಚರಿ ಬರೆದವನ ಹೆಸರಿದೆ, ಪುಸ್ತಕ ಬರೆದಾಕೆಯ ಹೆಸರಿದೆ. ಆದರೆ ಅಂದಿನ ವರ್ಜೀನಿಯಾದ ಸಿರಿವಂತರ ಅಡುಗೆಮನೆಗಳಲ್ಲಿ ಕೈ ಸುಟ್ಟುಕೊಂಡವರು ಗುಲಾಮ ಹೆಂಗಸರು, ನೆಲದಲ್ಲಿ ತೋಡಿದ ಕೆಂಡದ ಗುಣಿಗಳ ಬದಿಯಲ್ಲಿ ರಾತ್ರಿಯೆಲ್ಲ ಕಾದವರು ಗುಲಾಮ ಗಂಡಸರು. 1863ರ ವಿಮೋಚನಾ ಘೋಷಣೆಯನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ನನಗೆ, ಆ ಜನ ರಾತ್ರಿಯಲ್ಲಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ.

ಅವರಲ್ಲಿ ಒಬ್ಬನ ಮಾತು ಉಳಿದಿದೆ. 1936ರಿಂದ 1938ರವರೆಗೆ ಅಮೆರಿಕ ಸರ್ಕಾರ, ಬದುಕಿದ್ದ ಮಾಜಿ ಗುಲಾಮರನ್ನು ಹುಡುಕಿ ಎರಡು ಸಾವಿರಕ್ಕೂ ಹೆಚ್ಚು ಜನರ ನೆನಪುಗಳನ್ನು ಬರೆಸಿತು. ದಕ್ಷಿಣ ಕೆರೊಲಿನಾದ ವೆಸ್ಲಿ ಜೋನ್ಸ್ ಎಂಬ ತೊಂಬತ್ತು ದಾಟಿದ ಮುದುಕ, ಬಾರ್ಬೆಕ್ಯೂವಿನ ಹಿಂದಿನ ರಾತ್ರಿಯೆಲ್ಲ ತಾನು ಎದ್ದಿದ್ದು, ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ ಮಾಂಸಕ್ಕೆ ಸಾರು ಸವರುತ್ತಿದ್ದೆ ಎಂದು ಹೇಳಿದ್ದಾನೆ. ಸಾರಿಗೆ ಏನೇನು? ವಿನೆಗರ್, ಕರಿಮೆಣಸು, ಕೆಂಪು ಮೆಣಸು, ಉಪ್ಪು, ಬೆಣ್ಣೆ, ಈರುಳ್ಳಿ, ಬೆಳ್ಳುಳ್ಳಿ, ಒಂದೆರಡು ಸೊಪ್ಪು, ಮತ್ತೆ ಕೊತ್ತಂಬರಿ! ಮಗನ ಊರಿನ ಗ್ರಂಥಾಲಯದಲ್ಲಿ ಅದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ನಮ್ಮ ಪಂದಿ ಕರಿಗೆ ಕೊತ್ತಂಬರಿ, ಕರಿಮೆಣಸು, ಈರುಳ್ಳಿ, ಬೆಳ್ಳುಳ್ಳಿ. ವಿನೆಗರಿನ ಜಾಗದಲ್ಲಿ ಕಾಚಂಪುಳಿಯ ಕಪ್ಪು ಹುಳಿ. ಯಾರೂ ಯಾರಿಂದಲೂ ಕಲಿತದ್ದಲ್ಲ. ಕೊಬ್ಬಿಗೆ ಹುಳಿ ಬೇಕು, ಮೆಣಸು ಬೇಕು ಎಂದು ಎರಡು ಕಡೆಯ ನಾಲಿಗೆಗಳೂ ಕಂಡುಕೊಂಡವು.

1910ರಿಂದ 1970ರೊಳಗೆ ಸುಮಾರು ಅರವತ್ತು ಲಕ್ಷ ಕರಿಯ ಜನರು ದಕ್ಷಿಣದ ಹೊಲಗಳನ್ನು ಬಿಟ್ಟು ಬೇರೆ ಪ್ರಾಂತ್ಯಗಳ ನಗರಗಳಿಗೆ ಹೋದರು. ಶಿಕಾಗೋಗೂ ಬಂದರು, ಹೊಗೆಯನ್ನೂ ತಂದರು. ಈ ಚಳಿಯೂರಿನಲ್ಲಿ ನೆಲ ತೋಡಿ ಕೆಂಡ ಹಾಕುವುದೆಲ್ಲಿ ಸಾಧ್ಯ? ನಗರದ ದಕ್ಷಿಣ ಭಾಗದ ಅಂಗಡಿಗಳಲ್ಲಿ ಗಾಜಿನ ಗೋಡೆಯ ಒಲೆಗಳು ಬಂದವು. ಮೀನಿನ ತೊಟ್ಟಿಯಲ್ಲಿ ಹೊಗೆ ತುಂಬಿದ ಹಾಗೆ ಕಾಣುತ್ತವೆ.

ಮಗನ ನೆರೆಮನೆಯವರು ಅಂಥ ಒಂದು ಕುಟುಂಬದವರೇ. ಎಪ್ಪತ್ತರ ಹಿರಿಯರು, ತಂದೆ ಮಿಸಿಸಿಪ್ಪಿಯಿಂದ ಬಂದವರಂತೆ. ಹಲಗೆ ನಿಲ್ಲಿಸುವ ಉಪಾಯ ಹೇಳಿಕೊಟ್ಟವರೂ ಅವರೇ. ಅಂದು ಬೆಳಿಗ್ಗೆ ಬೇಲಿಯ ಬಳಿ ಬಂದು, ಮುಳ್ಳು ನಿಂತಿದ್ದನ್ನು ನೋಡಿ ನಕ್ಕರು. ಇನ್ನು ಹೊತ್ತು ಕಳೆಯುವುದಷ್ಟೇ ಕೆಲಸ ಎಂದರು. ನಾನು ನಮ್ಮೂರಿನ ಒಣಮಾಂಸದ ಸಂಗತಿ ಹೇಳಿದೆ. ಬಹಳ ಆಸಕ್ತಿಯಿಂದ ಕೇಳಿ, "ಯಾವ ಮರದ ಹೊಗೆ?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಒಳಗೆ ಹೋಗಿ ಗೋಣಿಕೊಪ್ಪಲಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಎಂಟೂವರೆ.

"ಅವ್ವ ಒಲೆಗೆ ಯಾವ ಸೌದೆ ಹಾಕುತ್ತಿದ್ದಳು ಅಕ್ಕ, ಮಾಂಸ ತೂಗುಹಾಕಿದಾಗ?"

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವ್ವ ಎಲ್ಲಿ ಹಾಕ್ತಿದ್ದಳೇ? ಸೌದೆ ತರೋದು, ಬೆಂಕಿ ಹೆಚ್ಚಾಗದ ಹಾಗೆ ರಾತ್ರಿ ಎದ್ದೆದ್ದು ನೋಡೋದು, ಎಲ್ಲ ಆ ಎರವರ ಮುದುಕಿ. ನಿನಗೆ ನೆನಪಿಲ್ವಾ? ಅಡುಗೆಮನೆ ಹಿಂದಿನ ಜಗಲಿ ಮೇಲೆ ಮಲಗ್ತಿದ್ದಳಲ್ಲ."

ನೆನಪಾಯಿತು. ಮಸಿ ಹಿಡಿದ ಸೀರೆ, ಸಣ್ಣ ಮೈ, ಮಳೆಯ ಚಳಿಗೆ ಕುಕ್ಕರಗಾಲಲ್ಲಿ ಕುಳಿತು ಕೆಂಡ ಹಿಂದೆ ಎಳೆಯುವ ಕೈ. ಕೊಡಗಿನ ಜಮೀನುದಾರರ ಮನೆಗಳಲ್ಲಿ ಎರವರು ತಲೆಮಾರುಗಳಿಂದ ಜೀತಕ್ಕಿದ್ದರು. ಜೀತ ರದ್ದತಿಯ ಕಾನೂನು ಬಂದದ್ದು 1976ರಲ್ಲಿ; ಅದನ್ನೂ ನಾನು ಬೋರ್ಡಿನ ಮೇಲೆ ಬರೆದಿದ್ದೇನೆ. ನಾನು ಕಾಂಪೌಂಡಿನಾಚೆ ಎಸೆದದ್ದು ಅವ್ವನ ಗಂಟೆಂದೇ ಇಷ್ಟು ವರ್ಷ ತಿಳಿದಿದ್ದೆ.

"ಅವಳ ಹೆಸರೇನು ಅಕ್ಕ?"

"ಹೆಸರು... ಮುದುಕಿ ಅಂತಲೇ ಅಲ್ವಾ ನಾವೆಲ್ಲ ಕರೀತಿದ್ದದ್ದು? ತಾಳು, ಯೋಚನೆ ಮಾಡಿ ಹೇಳ್ತೀನಿ" ಎಂದಳು ಅಕ್ಕ.

ಕಿಟಕಿಯಿಂದ ನೋಡಿದೆ. ಗಾಳಿಗೆ ಹಲಗೆ ಅಲುಗಾಡುತ್ತಿತ್ತು, ಮಗ ಅದಕ್ಕೆ ಕಲ್ಲು ಆನಿಸುತ್ತಿದ್ದ. ನೆರೆಮನೆಯ ಹಿರಿಯರು ಕೋಟಿನ ಜೇಬಿನಲ್ಲಿ ಕೈಯಿಟ್ಟು ಬೇಲಿಯ ಬಳಿ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತ ನಿಂತಿದ್ದರು.